ಚಿಚೆನ್ ಇಟ್ಜಾ ನೋಡಿ ಸೆನೋಟೆಯಲ್ಲಿ ಈಜಿ ಬರುವುದು: ಒಂದು ದಿನದ ಗೈಡೆಡ್ ಟೂರ್‌ಗೆ ಮಾರ್ಗದರ್ಶಿ

ಡಿಸೆಂಬರ್ ರಜೆಗೋ ಸ್ಪ್ರಿಂಗ್ ಬ್ರೇಕ್‌ಗೋ ಅಮೆರಿಕದಿಂದ ಮೆಕ್ಸಿಕೋದ ಕ್ಯಾಂಕೂನ್‌ಗೆ ಟಿಕೆಟ್ ಮಾಡಿಸಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಮಾಯಾ ಜನರ ಹಳೆಯ ಊರು ಚಿಚೆನ್ ಇಟ್ಜಾದ ಪಿರಮಿಡ್ಡಿಗೆ ಯಾವ ಟೂರ್ ತಗೋಬೇಕು? ಒಂದು ತೀರಾ ಅಗ್ಗ, ಇನ್ನೊಂದು ಅದರ ಮೂರು ಪಟ್ಟು, ಯಾಕೆ? ಈಜು ಬರಲ್ಲ, ಆದ್ರೂ ಸೆನೋಟೆ ಅನ್ನುವ ನೀರಿನ ಹೊಂಡಕ್ಕೆ ಇಳಿಯಬಹುದಾ? ಸಸ್ಯಾಹಾರ ಸಿಗುತ್ತಾ? ಅಪ್ಪ ಅಮ್ಮನನ್ನೂ ಕರಕೊಂಡು ಹೋಗಬಹುದಾ? ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ.

ಉತ್ತರದ ಸಾರ ಮೊದಲೇ ಹೇಳಿಬಿಡುತ್ತೇನೆ. ಈ ಟೂರ್ ಚೆನ್ನಾಗಾಗುವುದೂ ಕೆಡುವುದೂ ನೀವು ಎಷ್ಟು ಗಂಟೆಗೆ ಪಿರಮಿಡ್ಡಿನ ಮುಂದೆ ನಿಲ್ಲುತ್ತೀರಿ ಅನ್ನೋದರ ಮೇಲೆ. ಬೆಳಗ್ಗೆ ಅವಶೇಷ, ಮಧ್ಯಾಹ್ನ ನೀರು. ಇದು ತಿರುಗುಮುರುಗಾದರೆ ಎಷ್ಟು ದುಡ್ಡು ಕೊಟ್ಟರೂ ಅಷ್ಟೇ.

ಸೆನೋಟೆ ಅಂದರೇನು

ಯುಕಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿ ಅನ್ನೋದೇ ಇಲ್ಲ. ಅಲ್ಲಿರುವುದೆಲ್ಲ ಸುಣ್ಣಕಲ್ಲಿನ ನೆಲ. ಬಿದ್ದ ಮಳೆ ಸೋರಿ ಒಳಗಿಳಿಯುತ್ತದೆ, ಕಲ್ಲನ್ನು ಕರಗಿಸುತ್ತಾ ಗುಹೆಗಳನ್ನು ಮಾಡುತ್ತದೆ. ಗುಹೆಯ ಮೇಲ್ಛಾವಣಿ ಕುಸಿದಾಗ ಕೆಳಗಿನ ನೀರು ಬಯಲಾಗುತ್ತದೆ. ಆ ಹೊಂಡವೇ ಸೆನೋಟೆ. ಕೆಲವು ಪೂರ್ತಿ ತೆರೆದಿರುತ್ತವೆ, ಕೆಲವು ಅರ್ಧ ಮುಚ್ಚಿರುತ್ತವೆ, ಇನ್ನು ಕೆಲವಕ್ಕೆ ಗುಹೆಯೊಳಗೇ ಇಳಿಯಬೇಕು. ನೀರು ವರ್ಷವಿಡೀ 24-25 ಡಿಗ್ರಿ ಆಸುಪಾಸಿನಲ್ಲಿರುತ್ತದೆ.

ಹಳೆಯ ಮಾಯಾ ಊರುಗಳಿಗೆ ಕುಡಿಯುವ ನೀರು ಬಹುಮಟ್ಟಿಗೆ ಇದರಿಂದಲೇ ಬರಬೇಕಿತ್ತು. ಮಳೆದೇವರು ಚಾಕ್‌ಗೆ ಅಷ್ಟೊಂದು ಪೂಜೆ ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ. 2015ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳು ನೆಲದೊಳಗೆ ವಿದ್ಯುತ್ ಹಾಯಿಸಿ ಪರೀಕ್ಷೆ ಮಾಡಿದಾಗ, ಚಿಚೆನ್ ಇಟ್ಜಾದ ದೊಡ್ಡ ಪಿರಮಿಡ್ಡಿನ ಅಡಿಯಲ್ಲೇ ನೀರು ತುಂಬಿದ ಹೊಂಡವಿರುವುದು ಕಂಡುಬಂತು. ಹಾಗಾಗಿ ಅವಶೇಷ ಮತ್ತು ಈಜು ಎರಡನ್ನೂ ಒಂದೇ ದಿನ ಇಟ್ಟುಕೊಳ್ಳುವುದು ಬರೀ ಟೂರ್ ಕಂಪನಿಯವರ ಪ್ಯಾಕೇಜ್ ಲೆಕ್ಕ ಅಲ್ಲ. ಆ ಊರು ಅಲ್ಲಿ ಹುಟ್ಟಿದ್ದೇ ಆ ನೀರಿನಿಂದ.

ಹಂತ 1: ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೋ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ, ಇಲ್ಲವೇ ಅಲ್ಲಿನ ಕಾಯಂ ನಿವಾಸಿಗಳಾಗಿದ್ದರೆ, ಪ್ರವಾಸಕ್ಕೆ ಬೇರೆ ವೀಸಾ ಬೇಕಿಲ್ಲ.

ಎಡವುವುದು ಇಲ್ಲೇ. ಅಮೆರಿಕದ ಕೆಲಸದ ವೀಸಾ ಎಚ್-1ಬಿಯಲ್ಲಿರುವ ಎಷ್ಟೋ ಜನರ ಹತ್ತಿರ ಐ-797 ಅನುಮೋದನೆ ಪತ್ರ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟಾಂಪ್ ಅವಧಿ ಮುಗಿದಿರುತ್ತದೆ. ಅಮೆರಿಕಕ್ಕೆ ವಾಪಸ್ ಬರಲು ಒಂದು ವಿನಾಯಿತಿ ಇದೆ, ಮೂವತ್ತು ದಿನದೊಳಗಿನ ಮೆಕ್ಸಿಕೋ ಪ್ರವಾಸಕ್ಕೆ ಅನ್ವಯಿಸುತ್ತದೆ, ನಿಜ. ಆದರೆ ಅದು ಅಮೆರಿಕದ ನಿಯಮ. ಮೆಕ್ಸಿಕೋದ ಒಳಗೆ ಹೋಗಲು ಮೆಕ್ಸಿಕೋದವರಿಗೆ ತೋರಿಸಬೇಕಾದ್ದು ಚಾಲ್ತಿಯಲ್ಲಿರುವ ವೀಸಾ. ಸ್ಟಾಂಪ್ ಮುಗಿದಿದ್ದರೆ ಹತ್ತಿರದ ಮೆಕ್ಸಿಕೋ ಕಾನ್ಸುಲೇಟ್‌ನಲ್ಲಿ ವೀಸಾ ಮಾಡಿಸಿಕೊಂಡೇ ಹೊರಡಿ. ಊರಿಂದ ಬಂದ ಅಪ್ಪ ಅಮ್ಮನ ಟೂರಿಸ್ಟ್ ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ ಇದೆಯಾ ಅಂತಲೂ ನೋಡಿಕೊಳ್ಳಿ.

ಟೂರ್ ದಿನ ಮೂಲ ಪಾಸ್‌ಪೋರ್ಟ್ ಹೋಟೆಲ್ ಲಾಕರಿನಲ್ಲಿರಲಿ. ಅದರ ಮತ್ತು ವೀಸಾದ ಜೆರಾಕ್ಸ್ ಜೊತೆಗಿಟ್ಟುಕೊಳ್ಳಿ. ಒದ್ದೆಯಾಗುವ ಕಡೆ ಪಾಸ್‌ಪೋರ್ಟ್ ಯಾಕೆ, ಅಲ್ವಾ?

ಹಂತ 2: ಟೂರ್ ಆರಿಸುವುದು

ಚಿಚೆನ್ ಇಟ್ಜಾ ಕ್ಯಾಂಕೂನ್‌ನಿಂದ ಸುಮಾರು 200 ಕಿ.ಮೀ. ನೇರ ಹೋದರೆ ಎರಡೂವರೆ ಗಂಟೆ. ಮಾರಾಟಕ್ಕಿರುವ ಟೂರ್‌ಗಳಲ್ಲಿ ಮೂರು ಬಗೆ ಇವೆ.

ಒಂದು, ದೊಡ್ಡ ಬಸ್ಸಿನದು. ಅಗ್ಗ. ನಲವತ್ತು ಐವತ್ತು ಜನ. ಹೋಟೆಲ್‌ನಿಂದ ಹೋಟೆಲ್‌ಗೆ ಸುತ್ತಿ ಜನರನ್ನು ತುಂಬಿಕೊಳ್ಳುವುದರಲ್ಲೇ ಒಂದೂವರೆ ಗಂಟೆ ಹೋಗುತ್ತದೆ. ದಾರಿಯಲ್ಲಿ 'ಮಾಯಾ ಹಳ್ಳಿ' ಅನ್ನುವ ಹೆಸರಲ್ಲಿ ಕರಕುಶಲ ಅಂಗಡಿಗೆ ಬಿಡುತ್ತಾರೆ. ಟಕೀಲಾ ರುಚಿ ನೋಡಿ ಅಂತಾರೆ, ನಿಮ್ಮ ಹೆಸರು ಮಾಯಾ ಲಿಪಿಯಲ್ಲಿ ಬರೆದ ಪದಕ ಮಾರುತ್ತಾರೆ. ಆಮೇಲೆ ಸೆನೋಟೆ, ಆಮೇಲೆ ಊಟ. ಪಿರಮಿಡ್ ತಲುಪುವಾಗ ಮಧ್ಯಾಹ್ನ ಒಂದು ಗಂಟೆ. ನೆತ್ತಿ ಸುಡುವ ಬಿಸಿಲು, ಜೊತೆಗೆ ನಿಮ್ಮಂಥದೇ ಇನ್ನಷ್ಟು ಬಸ್ಸುಗಳು.

ಎರಡು, 'ಅರ್ಲಿ ಆಕ್ಸೆಸ್' ಅನ್ನುವ ಸಣ್ಣ ಗುಂಪಿನದು. ಹತ್ತು ಹದಿನೈದು ಜನರ ವ್ಯಾನ್. ಬೆಳಗ್ಗೆ 8ಕ್ಕೆ ಗೇಟ್ ತೆಗೆಯುವ ಹೊತ್ತಿಗೆ ಅಲ್ಲಿರುತ್ತೀರಿ. ದುಬಾರಿ. ಆದರೆ ನನ್ನನ್ನು ಕೇಳಿದರೆ ಹೆಚ್ಚಿನ ದುಡ್ಡು ಕೊಡಬೇಕಾದ್ದು ಇದಕ್ಕೇ. ಉದ್ದನೆಯ ಊಟದ ಮೆನು, 'ವಿಐಪಿ' ಅನ್ನುವ ಪದ, ಬಸ್ಸಿನಲ್ಲಿ ಬಿಯರ್, ಇವಕ್ಕೆಲ್ಲ ಕೊಡಬೇಡಿ.

ಮೂರು, ಕುಟುಂಬಕ್ಕೆ ಮಾತ್ರ ಒಂದು ಗಾಡಿ, ಒಬ್ಬ ಗೈಡ್. ಐದಾರು ಜನ ಇದ್ದರೆ ತಲೆಗೆ ಬೀಳುವ ದುಡ್ಡು ಸಣ್ಣ ಗುಂಪಿನ ಟೂರ್‌ಗೆ ಹತ್ತಿರ ಬರುತ್ತದೆ. ಹಿರಿಯರು, ಮಕ್ಕಳು ಇದ್ದರೆ ಇದೇ ಸರಿ.

ಬುಕ್ ಮಾಡುವ ಮುಂಚೆ ಈ ಪ್ರಶ್ನೆಗಳನ್ನು ಬರಹದಲ್ಲೇ ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ:

- ಚಿಚೆನ್ ಇಟ್ಜಾ ಗೇಟಿಗೆ ಎಷ್ಟು ಗಂಟೆಗೆ ತಲುಪುತ್ತೀರಿ? ಅದು ಯಾವ ಊರಿನ ಟೈಮ್?
- ಪ್ರವೇಶ ಶುಲ್ಕ ಸೇರಿದೆಯಾ? ಎರಡೂ ಸೇರಿವೆಯಾ?
- ಯಾವ ಸೆನೋಟೆ? ಅಲ್ಲಿ ಎಷ್ಟು ಹೊತ್ತು? ಲೈಫ್ ಜಾಕೆಟ್ ಮತ್ತು ಲಾಕರ್ ಸೇರಿದೆಯಾ?
- ಅಂಗಡಿಗೆ ನಿಲ್ಲಿಸುತ್ತೀರಾ? ಎಷ್ಟು ಹೊತ್ತು?
- ಗೈಡ್ ಒಂದೇ ಭಾಷೆಯಲ್ಲಿ ಹೇಳುತ್ತಾರಾ, ಇಂಗ್ಲಿಷ್-ಸ್ಪ್ಯಾನಿಷ್ ಎರಡರಲ್ಲೂ ಹೇಳುತ್ತಾರಾ?

ಕೊನೆಯದನ್ನು ಹಗುರವಾಗಿ ತಗೋಬೇಡಿ. ಎರಡು ಭಾಷೆಯ ಟೂರ್‌ನಲ್ಲಿ ಅರ್ಧ ಸಮಯ ನೀವು ಬಿಸಿಲಲ್ಲಿ ಸುಮ್ನೆ ನಿಂತಿರುತ್ತೀರಿ.

ಎರಡು ಶುಲ್ಕದ ವಿಷಯ ಎಲ್ಲರನ್ನೂ ಗೊಂದಲ ಮಾಡುತ್ತದೆ. ಚಿಚೆನ್ ಇಟ್ಜಾದಲ್ಲಿ ಕೇಂದ್ರದ ಪುರಾತತ್ವ ಇಲಾಖೆಗೆ ಒಂದು ಟಿಕೆಟ್, ಯುಕಟಾನ್ ರಾಜ್ಯ ಸರ್ಕಾರಕ್ಕೆ ಇನ್ನೊಂದು. ಎರಡೂ ಸೇರಿ ವಿದೇಶಿಯರಿಗೆ 600 ಪೆಸೊ ದಾಟುತ್ತದೆ, ವರ್ಷ ವರ್ಷ ಏರುತ್ತಲೂ ಇದೆ. ಅಗ್ಗದ ಟೂರ್‌ಗಳು ಇದನ್ನು ಹೊರಗಿಟ್ಟು ಜಾಹೀರಾತು ಕೊಡುತ್ತವೆ. ಬೆಳಗ್ಗೆ ಬಸ್ ಹತ್ತಿದ ಮೇಲೆ 'ಸರ್ಕಾರಿ ತೆರಿಗೆ' ಅಂತ ನಗದು ಕೇಳುತ್ತಾರೆ. ಅದನ್ನು ಕೂಡಿಸಿ ನೋಡಿದರೆ ಅಗ್ಗದ ಟೂರ್ ಅಷ್ಟೇನೂ ಅಗ್ಗವಲ್ಲ.

'ಒಂದೇ ದಿನದಲ್ಲಿ ಚಿಚೆನ್ ಇಟ್ಜಾ, ಟುಲುಮ್, ಕೊಬಾ, ಸೆನೋಟೆ' ಅನ್ನುವ ನಾಲ್ಕರ ಕಟ್ಟು ಕಂಡರೆ ಮುಂದೆ ಹೋಗಿ. ಆ ದಿನ ನೀವು ನೋಡುವುದು ವ್ಯಾನಿನ ಕಿಟಕಿ.

ಟುಲುಮ್ ಕಡೆ ಉಳಿದುಕೊಂಡವರಿಗೆ, ತೀರಾ ಚಿಕ್ಕ ಮಕ್ಕಳಿರುವವರಿಗೆ ದೂರದ ಪ್ರಯಾಣ ಬೇಡ ಅನ್ನಿಸಿದರೆ ಬೇರೆ ಜೋಡಿಗಳೂ ಇವೆ. ಟುಲುಮ್‌ನ ಸಮುದ್ರದಂಚಿನ ಕೋಟೆಯ ಜೊತೆ ಹತ್ತಿರದ ಗ್ರಾನ್ ಸೆನೋಟೆ. ಕೊಬಾದ ಅವಶೇಷಗಳನ್ನು ಕಾಡಿನೊಳಗೆ ಬಾಡಿಗೆ ಸೈಕಲ್ಲಿನಲ್ಲಿ ಸುತ್ತಿ, ಪಕ್ಕದ ಚೂ-ಹಾ, ತಮ್ಕಾಚ್-ಹಾ ಗುಹೆಗಳಲ್ಲಿ ಈಜು. ಜನಜಂಗುಳಿ ಆಗದವರಿಗೆ ಎಕ್ ಬಲಾಮ್ ಅವಶೇಷ ಮತ್ತು ಅಲ್ಲೇ ಇರುವ ಎಕ್ಸ್‌ಕಾಂಚೆ ಸೆನೋಟೆ. ಟುಲುಮ್‌ನಲ್ಲಿ ಈಗ ಹಾಗ್ವಾರ್ (ಜಾಗ್ವಾರ್) ರಾಷ್ಟ್ರೀಯ ಉದ್ಯಾನದ ಶುಲ್ಕವೂ ಸೇರಿಕೊಂಡಿದೆ, ಅದನ್ನು ಕೇಳಿಕೊಳ್ಳಿ. ಮುಂದೆ ಹೇಳುವ ಈಜಿನ ಎಚ್ಚರಿಕೆಗಳು ಎಲ್ಲ ಕಡೆಗೂ ಅನ್ವಯಿಸುತ್ತವೆ.

ಹಂತ 3: ದಿನ ಮತ್ತು ಗಡಿಯಾರ

ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಏಪ್ರಿಲ್, ಮೇ ಸುಡುತ್ತದೆ, 38-40 ಡಿಗ್ರಿ ಮಾಮೂಲು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಋತು, ಆಗ ಬುಕ್ ಮಾಡಿದರೆ ರದ್ದಾದಾಗ ದುಡ್ಡು ವಾಪಸ್ ಕೊಡುತ್ತಾರಾ ಅಂತ ನೋಡಿ. ಭಾನುವಾರ ಮೆಕ್ಸಿಕೋದವರಿಗೆ ಪುರಾತತ್ವ ಇಲಾಖೆಯ ಟಿಕೆಟ್ ಇಲ್ಲ, ಹಾಗಾಗಿ ಜನ ಜಾಸ್ತಿ. ವಾರದ ಮಧ್ಯದ ದಿನ ಆರಿಸಿ.

ಮಾರ್ಚ್ 20-21 ಮತ್ತು ಸೆಪ್ಟೆಂಬರ್ 22-23ರ ಸುಮಾರಿಗೆ, ಹಗಲು ರಾತ್ರಿ ಸಮ ಇರುವ ದಿನ, ಇಳಿಹೊತ್ತಿನ ಬಿಸಿಲು ಪಿರಮಿಡ್ಡಿನ ಉತ್ತರ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಹಾವು ಹರಿದಂತೆ ನೆರಳು ಬೆಳಕು ಮಾಡುತ್ತದೆ. ಕೆಳಗೆ ಕಲ್ಲಿನ ಹಾವಿನ ತಲೆ ಇದೆ, ನೆರಳು ಅದಕ್ಕೆ ಕೂಡಿಕೊಳ್ಳುತ್ತದೆ. ನೋಡಬೇಕಾದ್ದೇ. ಆದರೆ ಸಾವಿರಾರು ಜನ ಬರುತ್ತಾರೆ. ಮೊದಲ ಸಲ ಹೋಗುವವರು ಆ ದಿನ ಬಿಡುವುದು ವಾಸಿ. ಅದಕ್ಕೆ ನಾಲ್ಕೈದು ದಿನ ಹಿಂದೆ ಮುಂದೆ ಹೋದರೂ ನೆರಳು ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ.

ಈಗ ಗಡಿಯಾರ. ಕ್ಯಾಂಕೂನ್, ಪ್ಲಾಯಾ ದೆಲ್ ಕಾರ್ಮೆನ್, ಟುಲುಮ್ ಇರುವುದು ಕಿಂತಾನಾ ರೂ ರಾಜ್ಯದಲ್ಲಿ. ಚಿಚೆನ್ ಇಟ್ಜಾ ಇರುವುದು ಯುಕಟಾನ್ ರಾಜ್ಯದಲ್ಲಿ. ಎರಡಕ್ಕೂ ಒಂದು ಗಂಟೆ ವ್ಯತ್ಯಾಸ, ಯುಕಟಾನ್ ಹಿಂದೆ. ಮೆಕ್ಸಿಕೋ 2022ರಲ್ಲಿ ಬೇಸಿಗೆ ಸಮಯ ಬದಲಿಸುವುದನ್ನು ನಿಲ್ಲಿಸಿದ ಮೇಲೆ ಈ ಒಂದು ಗಂಟೆ ವರ್ಷವಿಡೀ ಹಾಗೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಗೇಟ್ ತೆಗೆಯುವುದು ಯುಕಟಾನ್ ಟೈಮ್ 8ಕ್ಕೆ, ಅಂದರೆ ಕ್ಯಾಂಕೂನ್‌ನಲ್ಲಿ 9. ಎರಡೂವರೆ ಗಂಟೆ ಪ್ರಯಾಣ ಕಳೆದರೆ ಕ್ಯಾಂಕೂನ್ ಬಿಡಬೇಕಾದ್ದು 6:30ಕ್ಕೆ. 'ಕೊನೆಯ ಪಿಕಪ್ 6:30ರೊಳಗೆ' ಅಂತ ಬರೆದಿದ್ದರೆ ಅದು ನಿಜವಾದ ಅರ್ಲಿ ಟೂರ್. 'ಪಿಕಪ್ 7ರಿಂದ 8:30' ಅಂತಿದ್ದರೆ ಹೆಸರು ಏನೇ ಇರಲಿ, ಅದು ಅರ್ಲಿ ಅಲ್ಲ. ಹೋಗುವಾಗ ಗಳಿಸಿದ ಗಂಟೆ ಬರುವಾಗ ಕಳೆಯುತ್ತದೆ. ಯುಕಟಾನ್‌ನಲ್ಲಿ ಸಂಜೆ 4ಕ್ಕೆ ಹೊರಟರೆ ಕ್ಯಾಂಕೂನ್ ಸೇರುವಾಗ 7:30.

ಫೋನ್ ತಾನೇ ಟೈಮ್ ಬದಲಿಸಿಕೊಳ್ಳುತ್ತದೆ ಅಂತ ನಂಬಬೇಡಿ. ರೋಮಿಂಗ್ ಇಲ್ಲದೆ ಫೋನ್ ಏರೋಪ್ಲೇನ್ ಮೋಡ್‌ನಲ್ಲಿದ್ದರೆ ಬದಲಾಗುವುದಿಲ್ಲ. ಒಬ್ಬರದು ಬದಲಾಗಿ ಇನ್ನೊಬ್ಬರದು ಹಾಗೇ ಇದ್ದರೆ ಗಂಡ ಒಂದು ಟೈಮ್, ಹೆಂಡತಿ ಇನ್ನೊಂದು ಟೈಮ್. 'ಹನ್ನೊಂದೂವರೆಗೆ ಬಸ್ ಹತ್ತಿರ ಬನ್ನಿ' ಅಂತ ಗೈಡ್ ಹೇಳಿದಾಗ ಅವರ ಕೈಗಡಿಯಾರವನ್ನೇ ನೋಡಿ ನಿಮ್ಮದನ್ನು ಸರಿಮಾಡಿಕೊಳ್ಳಿ.

ಹಂತ 4: ಚೀಲಕ್ಕೆ ಏನು

ಈಜುಡುಗೆಯನ್ನು ಬಟ್ಟೆಯ ಒಳಗೆ ಹಾಕಿಕೊಂಡೇ ಹೊರಡಿ, ಸೆನೋಟೆಯ ಬಟ್ಟೆ ಬದಲಿಸುವ ಕೋಣೆಗಳ ಮುಂದೆ ಕ್ಯೂ ಇರುತ್ತದೆ. ಮೈ ಮುಚ್ಚುವ ಉಡುಗೆ ಬೇಕೆನ್ನುವವರು ಪೂರ್ತಿ ತೋಳಿನ ರ‍್ಯಾಷ್ ಗಾರ್ಡ್ ಅನ್ನುವ ಈಜಿನ ಅಂಗಿ, ಲೆಗ್ಗಿಂಗ್ಸ್ ಹಾಕಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ಕಾಟನ್ ಚೂಡಿದಾರ್, ಜೀನ್ಸ್ ಮಾತ್ರ ಬೇಡ, ನೀರು ಕುಡಿದು ಭಾರವಾಗಿ ಎಳೆಯುತ್ತವೆ. ಮಾಂಗಲ್ಯ ಸರ, ಬಳೆ, ಉಂಗುರ ಹೋಟೆಲ್ ಲಾಕರಿನಲ್ಲಿಡಿ. ನಲವತ್ತು ಮೀಟರ್ ಆಳದ ನೀರಿಗೆ ಬಿದ್ದದ್ದು ಬಿದ್ದ ಹಾಗೇ.

ಮಿಕ್ಕದ್ದು: ಟವೆಲ್, ಹಿಡಿತ ಇರುವ ನೀರಿನ ಚಪ್ಪಲಿ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಅಗಲ ಅಂಚಿನ ಟೋಪಿ, ಪೂರ್ತಿ ತೋಳಿನ ತೆಳು ಅಂಗಿ, ಒಬ್ಬೊಬ್ಬರಿಗೂ ಒಂದೂವರೆ ಲೀಟರ್ ಕುಡಿಯುವ ನೀರು. ಬೀಗ ಹಾಕಿದ ಹೋಟೆಲ್ ರೂಮಿನಲ್ಲೇ ಇರಬೇಕಾದ್ದು ಡ್ರೋನ್ ಮತ್ತು ಟ್ರೈಪಾಡ್. ಅವಶೇಷಗಳ ಒಳಗೆ ಇವಕ್ಕೆ ಅನುಮತಿ ಇಲ್ಲ.

ನಗದು ಪೆಸೊ ಬೇಕೇ ಬೇಕು, ಸಣ್ಣ ನೋಟುಗಳಲ್ಲಿ. ಶೌಚಾಲಯ, ಲಾಕರ್, ಎಳನೀರು, ಟಿಪ್ಸ್ ಎಲ್ಲಕ್ಕೂ. ಡಾಲರ್ ತಗೋತಾರೆ, ಆದರೆ ಅವರು ಹೇಳಿದ್ದೇ ದರ. ಕಾರ್ಡ್ ಯಂತ್ರವೋ ಎಟಿಎಮ್ಮೋ 'ಡಾಲರಿನಲ್ಲಿ ಕಟ್ಟುತ್ತೀರಾ' ಅಂತ ಕೇಳಿದರೆ ಬೇಡ ಅನ್ನಿ, ಪೆಸೊದಲ್ಲೇ ಕಟ್ಟಿ.

ಹಂತ 5: ಚಿಚೆನ್ ಇಟ್ಜಾದ ಒಳಗೆ

ಶೌಚಾಲಯ ಗೇಟಿನ ಹತ್ತಿರ ಇದೆ, ಅಲ್ಲೇ ಮುಗಿಸಿಕೊಂಡು ಒಳಗೆ ಹೋಗಿ. ಎರಡರಿಂದ ಎರಡೂವರೆ ಗಂಟೆ ಬೇಕು. ನೆಲ ಸಮ ಇದೆ, ಆದರೆ ಕಲ್ಲು ಮಣ್ಣು. ಏಪ್ರಿಲ್ ಮಧ್ಯಾಹ್ನದ ಹಂಪಿ ನೆನಪಿಸಿಕೊಳ್ಳಿ, ಕಟ್ಟಡಗಳ ನಡುವೆ ಅಷ್ಟೇ ನೆರಳು.

ಮೊದಲು ಕಾಣುವುದೇ ಕುಕುಲ್ಕಾನ್ ದೇವಾಲಯ. ಸ್ಪ್ಯಾನಿಷರು ಇಟ್ಟ ಹೆಸರು ಎಲ್ ಕಾಸ್ತಿಯೊ. ಕುಕುಲ್ಕಾನ್ ಅಂದರೆ ಗರಿಗಳಿರುವ ಹಾವಿನ ದೇವರು. ಮೇಲಿನ ಗುಡಿಯೂ ಸೇರಿ ಸುಮಾರು 30 ಮೀಟರ್ ಎತ್ತರ. ನಾಲ್ಕು ಕಡೆ ತಲಾ 91 ಮೆಟ್ಟಿಲು, ಮೇಲಿನ ಜಗಲಿ ಒಂದು, ಒಟ್ಟು 365. ಹತ್ತಲು ಬಿಡುವುದಿಲ್ಲ, ಹತ್ತಿದವರನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ದಂಡ ಹಾಕುತ್ತಾರೆ. ಈ ಪಿರಮಿಡ್ಡಿನ ಒಳಗೆ ಹಳೆಯ ಪಿರಮಿಡ್, ಅದರೊಳಗೆ ಇನ್ನೂ ಹಳೆಯ ಚಿಕ್ಕದೊಂದು ಇದೆ. ಮೂರನೆಯದನ್ನು 2016ರಲ್ಲಿ ಪ್ರಕಟಿಸಿದರು.

ಬೇಗ ಹೋಗಿರುವ ಲಾಭ ಇಲ್ಲಿ ಸಿಗುತ್ತದೆ. ಉತ್ತರದ ಮೆಟ್ಟಿಲಿನ ಎದುರು ಸ್ವಲ್ಪ ದೂರ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ವಾಪಸ್ ಬರುವ ಸದ್ದು ಚಪ್ಪಾಳೆಯದಲ್ಲ, ಮೇಲಿಂದ ಕೆಳಕ್ಕೆ ಜಾರುವ ಹಕ್ಕಿಯ ಕೂಗು. ಒಂದೊಂದು ಮೆಟ್ಟಿಲೂ ಸದ್ದನ್ನು ಒಂದಿಷ್ಟು ತಡವಾಗಿ ಹಿಂದಕ್ಕೆ ಕಳಿಸುವುದರಿಂದ ಹಾಗಾಗುತ್ತದೆ. ಕೆಟ್ಜಾಲ್ ಹಕ್ಕಿಯ ಕೂಗಿಗೆ ಅದನ್ನು ಹೋಲಿಸುತ್ತಾರೆ. ಹನ್ನೊಂದು ಗಂಟೆ ಮೇಲೆ ನೂರು ಜನ ಒಟ್ಟಿಗೆ ತಟ್ಟುತ್ತಿರುತ್ತಾರೆ, ಏನೂ ಕೇಳಿಸಲ್ಲ.

ಅಲ್ಲಿಂದ ಪಶ್ಚಿಮಕ್ಕೆ ಚೆಂಡಾಟದ ಅಂಗಳ. 168 ಮೀಟರ್ ಉದ್ದ, 70 ಮೀಟರ್ ಅಗಲ. ಎರಡು ಗೋಡೆಗಳ ಮೇಲೆ ಎತ್ತರದಲ್ಲಿ ಕಲ್ಲಿನ ಬಳೆಗಳಿವೆ, ರಬ್ಬರ್ ಚೆಂಡಿನ ಆಟ ಅದು. ಗೋಡೆಯ ಕೆಳಗಿನ ಕೆತ್ತನೆಯ ಹತ್ತಿರ ಹೋಗಿ ನೋಡಿ. ತಲೆ ಕತ್ತರಿಸಿದ ಆಟಗಾರ ಮಂಡಿಯೂರಿದ್ದಾನೆ, ಕುತ್ತಿಗೆಯಿಂದ ಚಿಮ್ಮುವ ರಕ್ತ ಹಾವುಗಳಾಗಿದೆ. ಪಕ್ಕದಲ್ಲೇ ಸಾಲು ಸಾಲು ತಲೆಬುರುಡೆ ಕೆತ್ತಿದ ಕಟ್ಟೆ, ತ್ಸೊಂಪಾಂತ್ಲಿ.

ಗೈಡ್ ಒಳ್ಳೆಯವರಾ ಅಂತ ಇಲ್ಲಿ ಗೊತ್ತಾಗುತ್ತದೆ. 'ಗೆದ್ದವನ ತಲೆಯನ್ನೇ ಕಡಿಯುತ್ತಿದ್ದರು' ಅಂತ ಖಡಾಖಂಡಿತವಾಗಿ ಹೇಳಿದರೆ ಅದು ಕಥೆ. ಕೆತ್ತನೆಯಲ್ಲಿರುವವನು ಗೆದ್ದವನೋ ಸೋತವನೋ ಅಂತ ವಿದ್ವಾಂಸರೇ ಚರ್ಚೆ ಮಾಡುತ್ತಿದ್ದಾರೆ. 'ಕನ್ಯೆಯರನ್ನು ಬಾವಿಗೆ ಎಸೆಯುತ್ತಿದ್ದರು' ಅನ್ನುವುದೂ ಅಂಥದೇ. 1967ರಲ್ಲಿ ಆ ಬಾವಿಯ, ಅಂದರೆ ಪವಿತ್ರ ಸೆನೋಟೆಯ ಹತ್ತಿರ ಒಂದು ನೆಲದಡಿಯ ತೊಟ್ಟಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳ ಅಸ್ಥಿ ಸಿಕ್ಕಿತ್ತು. ಅದರಲ್ಲಿ 64 ಮಕ್ಕಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಅಷ್ಟೂ ಗಂಡುಮಕ್ಕಳು. ಎರಡು ಜೊತೆ ಅವಳಿಗಳೂ ಇದ್ದರು. ಇದನ್ನು ತಿಳಿದು ಹೇಳುವ ಗೈಡ್ ಸಿಕ್ಕರೆ ನಿಮ್ಮ ಅದೃಷ್ಟ. ಪರವಾನಗಿ ಇರುವ ಗೈಡ್‌ಗಳು ಸರ್ಕಾರಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಮಾಯಾ ಜನ 'ಕಣ್ಮರೆಯಾದರು' ಅಂತಲೂ ಕೇಳಿಬರುತ್ತದೆ. ನಿಮ್ಮ ಗೈಡ್, ಡ್ರೈವರ್, ಪಕ್ಕದಲ್ಲಿ ಮರದ ಮುಖವಾಡ ಮಾರುವವರು ಮಾಯಾ ಜನವೇ ಇರಬಹುದು. ಯುಕಟಾನ್‌ನಲ್ಲಿ ಆ ಭಾಷೆ ಆಡುವವರು ಇಂದೂ ಲಕ್ಷಗಟ್ಟಲೆ ಇದ್ದಾರೆ.

ಗೈಡ್ ಮಾತು ಮುಗಿದ ಮೇಲೆ 'ಫ್ರೀ ಟೈಮ್' ಅಂತ ಬಿಡುತ್ತಾರೆ. ಹೆಚ್ಚಿನವರು ಅದನ್ನು ಅಂಗಡಿಗಳ ಮುಂದೆ ಕಳೆಯುತ್ತಾರೆ. ನೀವು ಎರಡು ಕಡೆ ಹೋಗಿ. ಒಂದು, ಉತ್ತರಕ್ಕೆ ಮರಗಳ ನಡುವೆ ಸುಮಾರು 300 ಮೀಟರ್ ಹಳೆಯ ಮಾಯಾ ರಸ್ತೆಯಲ್ಲಿ ನಡೆದರೆ ಪವಿತ್ರ ಸೆನೋಟೆ. ಇದರಲ್ಲಿ ಈಜುವ ಹಾಗಿಲ್ಲ. ಹಸಿರು ನೀರು, ಕಡಿದಾದ ಗೋಡೆ. ಎಡ್ವರ್ಡ್ ಥಾಮ್ಸನ್ ಅನ್ನುವ ಅಮೆರಿಕನ್ 1904ರಿಂದ ಇದರ ತಳ ಕೆದಕಿಸಿ ಚಿನ್ನ, ಜೇಡ್ ಕಲ್ಲು, ಧೂಪ, ಮೂಳೆ ಎಲ್ಲ ಮೇಲೆತ್ತಿಸಿದ. ಬಹಳಷ್ಟು ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಸೇರಿತು. ಎರಡು, ದಕ್ಷಿಣಕ್ಕೆ ಎಲ್ ಕಾರಾಕೋಲ್, ಆಕಾಶ ನೋಡಲು ಕಟ್ಟಿದ್ದು ಅನ್ನುವ ದುಂಡನೆಯ ಗೋಪುರ. ಬಸ್ ಟೂರ್‌ಗಳು ಅಲ್ಲಿಗೆ ಹೋಗುವುದೇ ಕಮ್ಮಿ, ಹಾಗಾಗಿ ಜನವೂ ಕಮ್ಮಿ.

ಅಂಗಡಿಯವರು ಊದುವ, ಜಾಗ್ವಾರ್‌ನಂತೆ ಗುರ್ ಅನ್ನುವ ಪೀಪಿ ದಾರಿಯುದ್ದಕ್ಕೂ ಕೇಳುತ್ತಿರುತ್ತದೆ. ಮಕ್ಕಳು ಹಟ ಮಾಡುತ್ತಾರೆ. ಕೊಡಿಸುವುದಾದರೆ ಹೊರಗೆ ಬರುವಾಗ ಕೊಡಿಸಿ, ಇಲ್ಲದಿದ್ದರೆ ಎರಡೂವರೆ ಗಂಟೆ ನಿಮ್ಮ ಕಿವಿ. ಚೌಕಾಸಿ ನಡೆಯುತ್ತದೆ.

ಹಂತ 6: ಸೆನೋಟೆಯಲ್ಲಿ

ಚಿಚೆನ್ ಇಟ್ಜಾ ಟೂರ್‌ಗಳು ಜಾಸ್ತಿ ಹೋಗುವುದು ಹತ್ತಿರದಲ್ಲೇ, ಮೂರು ಕಿ.ಮೀ. ದೂರದಲ್ಲಿರುವ ಇಕ್ ಕಿಲ್‌ಗೆ. ದುಂಡನೆಯ ಹೊಂಡ, ಸುಮಾರು 60 ಮೀಟರ್ ಅಗಲ. ನೀರಿರುವುದು ನೆಲಮಟ್ಟದಿಂದ 26 ಮೀಟರ್ ಕೆಳಗೆ. ಮೇಲಿನ ಮರಗಳ ಬೇರುಗಳು ದಾರದಂತೆ ನೀರಿನವರೆಗೂ ಇಳಿದಿವೆ. ಚೆಂದವೇ ಚೆಂದ, ಆದರೆ ಮಧ್ಯಾಹ್ನ ಜನ ಕಿಕ್ಕಿರಿದಿರುತ್ತಾರೆ. ಕೆಲವು ಸಣ್ಣ ಟೂರ್‌ಗಳು ವಯಾದೊಲಿದ್ ಪಟ್ಟಣದ ಹತ್ತಿರದ ಸೆನೋಟೆಗಳಿಗೆ ಕರೆದೊಯ್ಯುತ್ತವೆ. ಪಟ್ಟಣದ ನಡುವೆಯೇ ಸಾಸಿ ಇದೆ. ಝಿತ್ನುಪ್ ಕಡೆ ಎಕ್ಸ್‌ಕೆಕೆನ್, ಸಮುಲಾ ಅನ್ನುವ ಗುಹೆಯ ಸೆನೋಟೆಗಳಿವೆ. ಫೋಟೊಗಳಲ್ಲಿ ಒಂದು ಬೆಳಕಿನ ಕೋಲು ಕಲ್ಲಿನ ಜಗಲಿಯ ಮೇಲೆ ಬೀಳುವುದು ನೋಡಿರುತ್ತೀರಲ್ಲ, ಅದು ಸುಯ್ತುನ್. ಅಲ್ಲಿ ಫೋಟೊಗೆ ಕ್ಯೂ ನಿಲ್ಲುವುದೇ ಕೆಲಸ. ಈಜಬೇಕು ಅನ್ನುವವರಿಗೆ ಅದನ್ನು ನಾನು ಹೇಳುವುದಿಲ್ಲ.

ನೀರಿಗಿಳಿಯುವ ಮುಂಚೆ ಷವರ್‌ನಲ್ಲಿ ಮೈ ತೊಳೆಯಲೇಬೇಕು. ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಏನೂ ಇರಬಾರದು. 'ಪರಿಸರಸ್ನೇಹಿ' ಅಂತ ಬರೆದ ಸನ್‌ಸ್ಕ್ರೀನ್ ಕೂಡ ತೊಳೆದುಕೊಳ್ಳಿ. ಈ ನೀರು ನೆಲದಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿದೆ, ಅಲ್ಲಿಯ ಊರುಗಳು ಕುಡಿಯುವುದೂ ಇದೇ ಅಂತರ್ಜಲವನ್ನು. ಟುಲುಮ್ ಬಳಿಯ ಸಾಕ್ ಆಕ್ತುನ್ ಅನ್ನುವ ನೀರೊಳಗಿನ ಗುಹೆಯ ಜಾಲ 2018ರಲ್ಲಿ ಅಳೆದಾಗ 347 ಕಿ.ಮೀ. ಇತ್ತು.

ಈಜು ಬರದವರ ಪ್ರಶ್ನೆಗೆ ಉತ್ತರ: ಇಳಿಯಬಹುದು, ಲೈಫ್ ಜಾಕೆಟ್ ಹಾಕಿಕೊಂಡು ಮಾತ್ರ. ಹೆಚ್ಚಿನ ಕಡೆ ಅದು ಎಲ್ಲರಿಗೂ ಕಡ್ಡಾಯವೇ. ಆದರೆ ಮೂರು ವಿಷಯ ತಿಳಿದಿರಲಿ.

ಒಂದು, ಇದು ಈಜುಕೊಳವಲ್ಲ. 'ಆಳ ಇಲ್ಲದ ಕಡೆ' ಅಂತ ಇರುವುದಿಲ್ಲ. ಇಕ್ ಕಿಲ್‌ನಲ್ಲಿ ಏಣಿಯಿಂದ ಕೈಬಿಟ್ಟ ಕೂಡಲೇ ಕಾಲ ಕೆಳಗೆ ನಲವತ್ತು ಮೀಟರ್‌ಗೂ ಜಾಸ್ತಿ ನೀರು. ಎರಡು, ಸಿಹಿನೀರು ಸಮುದ್ರದ ನೀರಿನಷ್ಟು ತೇಲಿಸುವುದಿಲ್ಲ. ಬೀಚಿನಲ್ಲಿ ಆರಾಮಾಗಿ ತೇಲಿದವರು ಇಲ್ಲಿ ಗಾಬರಿಯಾಗುತ್ತಾರೆ. ಮೂರು, ಬಿಸಿಲಿಂದ ಬಂದವರಿಗೆ ಮೊದಲ ಕ್ಷಣ ನೀರು ತಣ್ಣಗೆ ಚುರುಕ್ಕೆನ್ನುತ್ತದೆ, ಉಸಿರು ಹಿಡಿದಂತಾಗುತ್ತದೆ. ಧುಮುಕಬೇಡಿ. ಏಣಿ ಹಿಡಿದು ಎದೆಮಟ್ಟ ಇಳಿದು, ಉಸಿರು ಸರಿಯಾದ ಮೇಲೆ ಕೈಬಿಡಿ. ನೀರಿನ ಅಡ್ಡಕ್ಕೆ ಕಟ್ಟಿದ ಹಗ್ಗ ಇರುತ್ತದೆ, ಅದನ್ನು ಹಿಡಿದುಕೊಂಡು ಹೋಗಿ. ಜಾಕೆಟ್ ಬಿಗಿಯಾಗಿರಬೇಕು. ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆದರೆ ಕಿವಿ ಮುಟ್ಟುವಷ್ಟು ಸಡಿಲ ಇದ್ದರೆ ಬೇರೆಯದು ಕೇಳಿ. ಮಕ್ಕಳಿಗೆ ಕಾಲ ಸಂದಿಯ ಪಟ್ಟಿ ಇರುವುದನ್ನೇ ಕೇಳಿ.

ಜಿಗಿಯುವ ಕಟ್ಟೆ ಇದ್ದರೆ ಕಾವಲಿನವರು ಕೈ ತೋರಿಸಿದ ಮೇಲೆ, ಕಾಲು ಕೆಳಗೆ ಮಾಡಿ ಜಿಗಿಯಿರಿ, ತಲೆ ಮುಂದಾಗಿ ಬೇಡ. ಕಾಂಟಾಕ್ಟ್ ಲೆನ್ಸ್ ತೆಗೆದಿಡಿ. ಕಾಲಿಗೆ ಏನೋ ತಾಗಿದಂತಾದರೆ ಕಿರುಚಬೇಡಿ, ಪುಟ್ಟ ಕಪ್ಪು ಮೀನುಗಳು ಅವು.

ಮಂಡಿನೋವಿನವರಿಗೆ ಕಷ್ಟ ನೀರಲ್ಲ, ಮೆಟ್ಟಿಲು. ಇಕ್ ಕಿಲ್‌ನಲ್ಲಿ ಇಳಿಯಬೇಕಾದ್ದು ಏಳೆಂಟು ಮಹಡಿಯಷ್ಟು, ಎಲ್ಲರ ಒದ್ದೆ ಕಾಲಿನಿಂದ ಜಾರುವ ಕಲ್ಲು. ಹತ್ತಿ ಬರುವಾಗ ಎದೆ ಬಡಿದುಕೊಳ್ಳುತ್ತದೆ. ಅಪ್ಪ ಅಮ್ಮ ಮೇಲೆ ಅಂಚಿನಲ್ಲೇ ನಿಂತು ನೋಡಬಹುದು, ಅಲ್ಲಿಂದ ಕಾಣುವುದೂ ಕಡಿಮೆ ಚೆಂದವೇನಲ್ಲ.

ಹಂತ 7: ಊಟ

ಟೂರ್ ಬುಕ್ ಮಾಡುವಾಗಲೇ 'ಸಸ್ಯಾಹಾರ' ಅಂತ ಬರೆಯಿರಿ, ಆದರೂ ಅದನ್ನೇ ನಂಬಿಕೊಂಡು ಕೂರಬೇಡಿ. ಬಫೆಯಲ್ಲಿ ಅನ್ನ, ಹಣ್ಣು, ಸಲಾಡ್, ಟೋರ್ಟಿಯಾ ಅನ್ನುವ ತೆಳು ರೊಟ್ಟಿ ಅಂತೂ ಇರುತ್ತದೆ. ಮೋಸ ಹೋಗುವುದು ಬೇಯಿಸಿದ ಕಪ್ಪು ಬೀನ್ಸ್ ಕಾಳಿನಲ್ಲಿ. ಅದಕ್ಕೆ ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ, ಹೆಸರು ಮಾಂತೆಕಾ. 'ಯೆವಾ ಮಾಂತೆಕಾ?' ಅಂತ ಕೇಳಿ. ನಿಂಬೆಯ ಸೂಪ್ ಅಂತ ಇಟ್ಟಿರುವ ಸೋಪಾ ದೆ ಲಿಮಾದಲ್ಲಿ ಕೋಳಿ ಇರುತ್ತದೆ. ಬಾಳೆ ಎಲೆಯಲ್ಲಿ ಬೇಯಿಸಿದ ಕೆಂಪನೆಯ ಪದಾರ್ಥ ಕೊಚಿನೀತಾ ಪಿಬಿಲ್, ಅದು ಹಂದಿ ಮಾಂಸ. ಬಾಳೆ ಎಲೆ ನೋಡಿ ನಮ್ಮದೇ ಅಂದುಕೊಳ್ಳಬೇಡಿ.

ತಿನ್ನಬಹುದಾದ್ದು ಸಿಕಿಲ್ ಪಾಕ್: ಹುರಿದ ಕುಂಬಳಬೀಜ, ಟೊಮೆಟೊ, ಮೆಣಸಿನಕಾಯಿ ಅರೆದದ್ದು. ಚಟ್ನಿ ಪ್ರಿಯರಿಗೆ ಬಲು ಹಿಡಿಸುತ್ತದೆ. ಮೊಟ್ಟೆ ತಿನ್ನುವವರಿಗೆ ಪಾಪಾದ್ಸುಲೆಸ್ ಕೂಡ ಆಗುತ್ತದೆ, ಕುಂಬಳಬೀಜದ ಗೊಜ್ಜಿನಲ್ಲಿ ಅದ್ದಿದ ಟೋರ್ಟಿಯಾ, ಒಳಗೆ ಬೇಯಿಸಿದ ಮೊಟ್ಟೆ. ಮೇಜಿನ ಮೇಲಿನ ಹಬನೇರೊ ಮೆಣಸಿನಕಾಯಿ ಚಟ್ನಿಯನ್ನು 'ನಮಗೆ ಖಾರ ಅಭ್ಯಾಸ' ಅಂತ ಚಮಚಗಟ್ಟಲೆ ಬಡಿಸಿಕೊಳ್ಳಬೇಡಿ. ಬ್ಯಾಡಗಿ ಅಲ್ಲ ಅದು. ಹೇಳಲು ಬರಬೇಕಾದ ಮಾತು ಇಷ್ಟೇ: 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ', ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ. ಚಪಾತಿ ರೋಲ್ ಮಾಡಿಸಿಕೊಂಡು ಹೋದರೆ ವ್ಯಾನಿನಲ್ಲಿ ತಿನ್ನಿ, ಹೊರಗಿನ ಊಟ ಅವಶೇಷಗಳ ಒಳಗೆ ಬೇಡ. ಬಫೆಯಲ್ಲಿ ಪಾನೀಯಕ್ಕೆ ಬಹುತೇಕ ಬೇರೆ ದುಡ್ಡು.

ಈಜು ಮೊದಲು, ಊಟ ಆಮೇಲೆ ಇದ್ದರೆ ಒಳ್ಳೆಯದು. ಟೂರ್‌ನವರು ತಿರುಗಿಸಿಟ್ಟಿದ್ದರೆ ಕಮ್ಮಿ ತಿನ್ನಿ.

ಹಂತ 8: ವಾಪಸ್

ಒದ್ದೆ ಬಟ್ಟೆ ಬದಲಿಸಿ ಗಾಡಿ ಹತ್ತಿ, ಏಸಿ ಜೋರಾಗಿರುತ್ತದೆ. ಸೊಳ್ಳೆ ಕ್ರೀಮ್ ಈಗ ಹಚ್ಚಿಕೊಳ್ಳಿ. ದಿನವಿಡೀ ನಿಮ್ಮ ಫೋಟೊ ತೆಗೆದವರು ಈಗ ಫ್ರೇಮ್ ಹಾಕಿ ತಂದು ಮಾರುತ್ತಾರೆ, ಬೇಡವಾದರೆ 'ನೋ ಗ್ರಾಸಿಯಾಸ್' ಅಂದರೆ ಮುಗಿಯಿತು. ಗೈಡ್‌ಗೆ, ಡ್ರೈವರಿಗೆ ಬೇರೆ ಬೇರೆಯಾಗಿ ಟಿಪ್ಸ್ ಕೊಡುವುದು ಅಲ್ಲಿಯ ರೂಢಿ. ಪೆಸೊದಲ್ಲೇ ಕೊಡಿ, ಡಾಲರ್ ನಾಣ್ಯ ಅಲ್ಲಿ ಯಾರೂ ಬದಲಿಸಿಕೊಡುವುದಿಲ್ಲ.

ಅದೇ ರಾತ್ರಿ ವಿಮಾನ ಬುಕ್ ಮಾಡಬೇಡಿ. ಕ್ಯಾಂಕೂನ್ ಹೋಟೆಲ್ ಸಾಲಿನ ರಸ್ತೆಯಲ್ಲಿ ಸಂಜೆ ವಾಹನ ಜಾಸ್ತಿ, ಎಲ್ಲರನ್ನೂ ಒಬ್ಬೊಬ್ಬರಾಗಿ ಇಳಿಸುತ್ತಾ ಬರುವಾಗ ನಿಮ್ಮ ಹೋಟೆಲ್ ಕೊನೆಯದಾಗಿದ್ದರೆ ಒಂಬತ್ತೂ ಆಗಬಹುದು. ಒಂಬತ್ತು ಅಂದರೆ ಕ್ಯಾಂಕೂನ್ ಟೈಮ್.